ಸೀಲು ಒಡೆಯದ ಡಬ್ಬಿ

"ಇದು ಇನ್ನೂ ಕೆಲಸಕ್ಕೆ ಬರುತ್ತಾ ನೋಡು," ಎಂದು ಅಕ್ಕ ಒಂದು ಡಬ್ಬಿಯನ್ನು ತಂದು ಅವನ ಪಕ್ಕದಲ್ಲಿ ಕುಕ್ಕಿದಳು. ಅವನು ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ಮಂಡಿಯೂರಿ ಬೇರಿಂಗಿನ ಕವಚದ ನಾಲ್ಕನೆಯ ಬೋಲ್ಟಿನೊಂದಿಗೆ ಗುದ್ದಾಡುತ್ತಿದ್ದ. ತಲೆಯೆತ್ತದೆ ಹೂಂ ಅಂದ. ನಿನ್ನೆ ಸಂಜೆಯಿಂದ ಗಿರಣಿ ಕಿರುಚಿಕೊಳ್ಳುತ್ತಿದೆ, ಹಲ್ಲು ಜುಮ್ಮೆನ್ನುವ ಹಾಗೆ, ಬೀದಿಯವರೆಲ್ಲ ಬಂದು ಕೇಳುತ್ತಿದ್ದಾರೆ ಎಂದು ಅಕ್ಕ ಬೆಳಿಗ್ಗೆಯೇ ಫೋನು ಮಾಡಿದ್ದಳು. ಶನಿವಾರ ಅವನಿಗೆ ಡಿಪೋದಲ್ಲಿ ರಜೆ. ಬಸ್ಸುಗಳ ಚಕ್ರ ನೋಡಿಕೊಳ್ಳುವ ಫೋರ್‌ಮನ್ನಿಗೆ ಒಂದು ಗಿರಣಿಯ ಬೇರಿಂಗು ಯಾವ ಲೆಕ್ಕ ಎಂದು ಹಗುರವಾಗಿಯೇ ಬಂದಿದ್ದ. ಅಕ್ಕ ಒದ್ದೆ ಬಟ್ಟೆಯಿಂದ ಡಬ್ಬಿಯ ಮೈ ಒರೆಸತೊಡಗಿದಳು. ಹಿಟ್ಟೂ ಧೂಳೂ ಸೇರಿ ಗಟ್ಟಿಯಾಗಿದ್ದ ಪದರು ಕದಡಿ ಇಳಿಯಿತು. ಅದರ ಕೆಳಗಿಂದ ಮೊದಲು ಹಸಿರು ಬಣ್ಣ, ಆಮೇಲೆ ಕೆಂಪು ಶಾಯಿಯಲ್ಲಿ ಸಣ್ಣ ಕುಂಚದಿಂದ ಬರೆದ ಅಂಕಿಗಳು. ಏಳನ್ನು ಹಾಗೆ, ನಡುವೆ ಒಂದು ಅಡ್ಡಗೀಟು ಎಳೆದು ಬರೆಯುವವರು ಡಿಪೋದಲ್ಲಿ ಒಬ್ಬರೇ ಇದ್ದರು. ಅವನ ಕೈ ಬೋಲ್ಟಿನ ಮೇಲೆಯೇ ನಿಂತಿತು. ಕಿವಿಯೊಳಗೆ ಏನೋ ಮುಚ್ಚಿಕೊಂಡಂತಾಗಿ, ಹೊರಗೆ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ ಗಿರಾಕಿಗಳ ಮಾತು ಪಕ್ಕದ ಮನೆಯ ರೇಡಿಯೋದ ಹಾಗೆ ದೂರವಾಯಿತು.

"ಎಲ್ಲಿತ್ತು ಇದು?"

"ಅಟ್ಟದ ಮೇಲೆ. ನಿಮ್ ಭಾವಂದು. ಹಳೇ ಕಂಬಳೀಲಿ ಸುತ್ತಿ ಇಟ್ಟಿದ್ರು, ಏನೋ ಚಿನ್ನದ ಗಟ್ಟಿ ಅನ್ನೋ ಥರ. ಸೀಲೇ ಒಡೆದಿಲ್ಲ ನೋಡು. ಹೊಸದು ಯಾಕೆ ತರೋದು ಅಂತ ಇಳಿಸ್ದೆ."

"ಬೇಡ. ಹಳೇದು. ಕೆಟ್ಟುಹೋಗಿರುತ್ತೆ."

"ತೆಗೆದೇ ನೋಡ್ಲಿಲ್ಲ, ಆಗಲೇ ಕೆಟ್ಟೋಯ್ತಾ?" ಅಕ್ಕ ನಕ್ಕಳು. "ನೀನೂ ಅವರ ಥರಾನೇ ಆದೆ."

ಒಂಬತ್ತು ವರ್ಷದ ಹಿಂದೆ ಈ ಡಬ್ಬಿಯ ಜೊತೆಯವೆಲ್ಲ ಗುಂಡಿಗೆ ಹೋಗಿದ್ದವು. ಇಪ್ಪತ್ತಮೂರು ಡಬ್ಬಿ. ಡಿಪೋದ ಹಿಂದೆ ಗುಂಡಿ ತೋಡಿಸಿ, ಇಂಜಿನಿಯರು ಎದುರಿಗೆ ನಿಂತು, ಭಾವನ ಕೈಯಿಂದಲೇ ಒಂದೊಂದಾಗಿ ಹಾಕಿಸಿದ್ದರು. ಭಾವ ಡಿಪೋದ ಸ್ಟೋರ್‌ಕೀಪರ್. ಸಹಿಯಿಲ್ಲದೆ ಒಂದು ವಾಷರನ್ನೂ ಕೊಡದ, ಮುಚ್ಚಳ ಭದ್ರವಾಗಿದೆಯೇ ಎಂದು ಎರಡೆರಡು ಸಲ ಒತ್ತಿ ನೋಡುವ ಆಸಾಮಿ; ಕೆಲಸಗಾರರೆಲ್ಲ ಅವರಿಗೆ 'ಸೀಲು' ಅಂತಲೇ ಹೆಸರಿಟ್ಟಿದ್ದರು. ಹದಿನಾಲ್ಕನೆಯ ನಂಬರಿನ ಬಸ್ಸು ಇಳಿಜಾರಿನಲ್ಲಿ ಮುಂದಿನ ಬಲಚಕ್ರ ಕಳಚಿ ಸೇತುವೆಯ ಗೋಡೆಗೆ ಬಡಿದಾಗ ಒಳಗಿದ್ದ ಹದಿನೆಂಟು ಜನಕ್ಕೆ ತರಚು ಗಾಯ, ಡ್ರೈವರು ಮಾತ್ರ ಸ್ಟಿಯರಿಂಗಿನ ಮೇಲೆಯೇ ಹೋದ. ಸದಾ ಶಿಳ್ಳೆ ಹಾಕುತ್ತಿದ್ದ ಮನುಷ್ಯ, ಹೆಸರೂ ಶಿಳ್ಳೆ ಅಂತಲೇ. ಚಕ್ರದ ನಡುವಿನ ಬೇರಿಂಗು ಸುಟ್ಟು ನೀಲಿಯಾಗಿತ್ತು. ಅದರೊಳಗೆ ಗ್ರೀಸೇ ಇರಲಿಲ್ಲ, ಸೋರಿಹೋದ ತೆಳು ಎಣ್ಣೆ ಇತ್ತು. ಆ ಬೇರಿಂಗಿಗೆ ಎಂಟು ದಿನ ಮೊದಲು ಗ್ರೀಸು ತುಂಬಿದವನು ಅವನೇ. ವಿಚಾರಣೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವನು, ಪೆನ್ನಿನ ಮುಚ್ಚಳ ಕಚ್ಚುತ್ತ, ಗ್ರೀಸು ಹೇಗಿತ್ತಯ್ಯಾ ಎಂದು ಕೇಳಿದ. ಹಳೇದು ಸಾರ್, ಮೇಲೆ ಎಣ್ಣೆ ಬಿಟ್ಟಿತ್ತು, ಅಂದ ಅವನು. ಎರಡೂ ಸುಳ್ಳಲ್ಲ. ಡಬ್ಬಿಯ ಮೇಲಿನ ತಾರೀಖು ನೋಡಿದರು. ಮೂರು ವರ್ಷದೊಳಗೆ ಬಳಸಬೇಕಾದದ್ದು, ಐದು ವರ್ಷವಾಗಿತ್ತು. ತಾರೀಖು ನೋಡಿದ ಮೇಲೆ ಮುಚ್ಚಳ ತೆಗೆದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಭಾವ ಒಂದೇ ಮಾತು ಹೇಳಿದರು, ಹೊಸ ಸರಕು ಬಂದಿರಲಿಲ್ಲ ಸಾರ್, ಬಸ್ಸುಗಳು ನಿಂತಿದ್ದವು. ಕೊಡೋ ಹಾಗಿಲ್ಲ ಅಂತ ತಾನು ತಡೆದದ್ದು, 'ಕೊಡಿ ಭಾವ, ಏನೂ ಆಗಲ್ಲ, ನಾನಿದೀನಲ್ಲ' ಎಂದು ಹೆಂಡತಿಯ ತಮ್ಮ ಸ್ಟೋರಿನ ಕಿಟಕಿಯೊಳಗೆ ಕೈ ಚಾಚಿ ಡಬ್ಬಿ ಎಳೆದುಕೊಂಡದ್ದು, ಅದೊಂದನ್ನೂ ಅವರು ಹೇಳಲಿಲ್ಲ. ಅವರು ಹೇಳುತ್ತಾರೆಂದು ಅವನು ಬೆವರುತ್ತ ಕಾದಿದ್ದ. ಹೇಳದೆ ಹೋದಾಗ ಮೊದಲು ಬಂದದ್ದು ಕೃತಜ್ಞತೆಯಲ್ಲ, ಹಸಿವು. ಹೊರಗೆ ಹೋಗಿ ನಿಂತುಕೊಂಡೇ ಎರಡು ಬನ್ನು ತಿಂದಿದ್ದ.

"ಮಧ್ಯಾಹ್ನದೊಳಗೆ ಆಗುತ್ತೇನಮ್ಮಾ? ನನ್ನ ಒಲೆ ಕಾದಿದೆ," ಎಂದು ಹೊರಗಿನಿಂದ ಬೇಕರಿಯ ಹೆಂಗಸು ಕೂಗಿದಳು. "ಆಗುತ್ತೆ, ಆಗುತ್ತೆ, ನನ್ ತಮ್ಮ ಕೂತಿದಾನೆ," ಎಂದು ಅಕ್ಕ ಹೆಮ್ಮೆಯಿಂದ ಉತ್ತರ ಕೊಟ್ಟು, ಅವನ ಕೈಗೆ ತಾನೇ ಸ್ಕ್ರೂಡ್ರೈವರು ತುರುಕಿದಳು. ಮುಚ್ಚಳದ ಸುತ್ತ ತಗಡಿನ ಪಟ್ಟಿ ಹಾಗೆಯೇ ಇತ್ತು. ಕೆಟ್ಟಿರಲಿ ಎಂದು ಅವನು ಬೇಡಿಕೊಂಡ. ಯಾರನ್ನು ಎಂಬುದು ಗೊತ್ತಿಲ್ಲ, ಆದರೆ ಬೇಡಿಕೊಂಡ. ಹದಿನಾಲ್ಕು ವರ್ಷದ ಸರಕು, ಕೆಟ್ಟೇ ಇರಬೇಕು. ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು, ಇಲ್ಲವೆ ಅರ್ಧ ಡಬ್ಬಿ ಎಣ್ಣೆಯೇ ನಿಂತಿರಬೇಕು, ಮೂಗಿಗೆ ಹುಳಿ ಹೊಡೆಯಬೇಕು, ಮೇಲೆ ಕಪ್ಪು ತೊಗಲು ಕಟ್ಟಿರಬೇಕು. ಪಟ್ಟಿ ಹರಿಯಿತು. ಮುಚ್ಚಳ ಎದ್ದಿತು.

ಮೇಲೆ ಎಣ್ಣೆಯಿತ್ತು. ಅಷ್ಟೇ, ಉಗುರು ಮುಳುಗದಷ್ಟು, ಬಿಸಿಲಿಗೆ ಹಿಡಿದರೆ ತಳ ಕಾಣುವಂಥದು. ಅವನು ಉಸಿರು ಬಿಡುವಷ್ಟರಲ್ಲಿ ಅದರ ಕೆಳಗಿನ ಗ್ರೀಸು ಕಂಡಿತು. ಜೇನಿನ ಬಣ್ಣ. ನಯವಾದ, ನಡುವೆ ಸಣ್ಣ ಸುಳಿ ಉಳಿದ, ಕಾರ್ಖಾನೆಯಲ್ಲಿ ಕೊನೆಯ ಹನಿ ಬಿದ್ದು ತಿರುಗಿದ ಗುರುತು ಕೂಡ ಮಾಸದ ಗ್ರೀಸು. ತೋರುಬೆರಳು ಅದ್ದಿದ. ಬೆರಳಿಗೆ ಬುದ್ಧಿ ಹೇಳಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸ ಅದು. ಹೆಬ್ಬೆರಳಿನ ಜೊತೆ ಉಜ್ಜಿದ, ಗಂಟಿಲ್ಲ. ಎರಡೂ ಬೆರಳು ಬಿಡಿಸಿದ, ಎಳೆ ಬಂತು, ಚಿಕ್ಕದಾಗಿ ಎದ್ದು ಕಡಿದು ನಿಂತಿತು. ಮೂಸಿದ, ಹುಳಿಯಿಲ್ಲ. ಹೊಸ ಟೈರಿನ ಅಂಗಡಿಯ ಒಳಗೆ ಕಾಲಿಟ್ಟಂಥ ಅದೇ ವಾಸನೆ. ಕಡ್ಡಿಯಿಂದ ಕಲಕಿದ, ಮೇಲಿನ ಎಣ್ಣೆ ಎರಡು ಸುತ್ತಿಗೆ ಒಳಗೆ ಸೇರಿಕೊಂಡು, ಎಂದೂ ಬೇರೆಯಾಗಿಯೇ ಇರಲಿಲ್ಲವೆಂಬಂತೆ ಒಂದಾಯಿತು. ಒಳ್ಳೆಯ ಗ್ರೀಸು ನೋಡಿ ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆಯೇ? ಆಗುತ್ತಿತ್ತು. ಡಬ್ಬಿಯ ತಳದಲ್ಲಾದರೂ ಕೆಟ್ಟಿರಬಹುದೆಂದು ಕಡ್ಡಿಯನ್ನು ತಳಕ್ಕೆ ಚುಚ್ಚಿ ಎತ್ತಿದ. ತಳದಲ್ಲೂ ಜೇನು. ಹದಿನಾಲ್ಕನೆಯ ವರ್ಷದಲ್ಲಿ ಹೀಗಿರುವುದು ಐದನೆಯ ವರ್ಷದಲ್ಲಿ ಹೇಗಿದ್ದೀತು?

"ಹೇಗಿದೆ?" ಎಂದಳು ಅಕ್ಕ.

"ಚೆನ್ನಾಗಿದೆ."

"ನಾ ಹೇಳ್ಲಿಲ್ವಾ! ನೆರಳಲ್ಲಿ ಇಟ್ಟಿದ್ದು, ಗಾಳಿ ಆಡಿಲ್ಲ, ನೀರು ತಾಗಿಲ್ಲ. ಯಾಕೆ ಕೆಡುತ್ತೆ? ನಿಮ್ ಭಾವ ಬರ್ಲಿ, ಅವರ ಮುಂದೇನೇ ಹೇಳ್ತೀನಿ." ಅವಳ ಮುಖದಲ್ಲಿ ಖುಷಿ ಬಿಟ್ಟು ಬೇರೇನೂ ಇರಲಿಲ್ಲ. ಡಬ್ಬಿ ಯಾವುದೆಂದು ಅವಳಿಗೆ ಗೊತ್ತೇ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅವಳಿಗೆ ಅದು ಒಂದು ಡಬ್ಬಿ. ಹಳೇ ಗ್ರೀಸು ಕೊಟ್ಟ ತಪ್ಪಿಗೆ ಗಂಡನ ಕೆಲಸ ಹೋದ ಮೂರನೆಯ ತಿಂಗಳಿಗೆ ಬಳೆ ಮಾರಿ ಈ ಗಿರಣಿ ಹಾಕಿಸಿದವಳು ಅವಳು. ಒಂಬತ್ತು ವರ್ಷದಿಂದ ಅವಳ ಹುಬ್ಬು ರೆಪ್ಪೆ ಬೆಳ್ಳಗೆ, ಸ್ನಾನ ಮಾಡಿ ಬಂದರೂ ಕಿವಿಯ ಹಿಂದೆ ಹಿಟ್ಟು. ಅವನ ಮಗಳು ಚಿಕ್ಕವಳಿದ್ದಾಗ ಅತ್ತೆ ಬಂದರೆ ಗೊಂಬೆ ಬಂತು ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ.

ಬೋಲ್ಟು ಬಿಚ್ಚಿ ಬೇರಿಂಗು ಹೊರತೆಗೆದ. ಕೆಲಸವೊಂದು ಮುಂದಿತ್ತು, ಕೈ ಅದರ ಪಾಡಿಗೆ ಅದು ನಡೆಯುತ್ತಿತ್ತು. ಬೇರಿಂಗಿನ ಗುಂಡುಗಳ ನಡುವೆ ಕಪ್ಪು ನೀಲಿ ಬಣ್ಣದ ಹಳೆಯ ಗ್ರೀಸು, ಪೇಟೆಯಲ್ಲಿ ಬಿಡಿಯಾಗಿ ಸಿಗುವ ಅಗ್ಗದ ಜಾತಿ. ಒಂದು ಕಾಲಕ್ಕೆ ಡಿಪೋದಲ್ಲೂ ಎಲ್ಲ ಬಸ್ಸಿಗೂ ಅದನ್ನೇ ಹಾಕುತ್ತಿದ್ದರು. "ಸೀಮೆಎಣ್ಣೆ ಕೊಡು ಅಕ್ಕ, ತೊಳೀಬೇಕು," ಅಂದ. ಅಕ್ಕ ಮೂಲೆಯ ಕ್ಯಾನು ಅಲ್ಲಾಡಿಸಿ ನೋಡಿದಳು. "ಖಾಲಿ. ತೊಳೀದಿದ್ರೆ ಏನಾಗುತ್ತೆ? ಹಳೇದರ ಮೇಲೇನೇ ತುಂಬಿಬಿಡು. ಗ್ರೀಸು ಗ್ರೀಸೇ ಅಲ್ವಾ? ಪಾಪ, ಅವಳು ಒಲೆ ಹಚ್ಚಿಟ್ಟು ಬಂದಿದಾಳೆ."

ಅವನು ಅಕ್ಕನ ಬಾಯನ್ನೇ ನೋಡಿದ. ಆ ಮಾತು ಅವಳದಲ್ಲ, ಅವನದು. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಪದಗಳಲ್ಲಿ, ಅವನು ತನಗೆ ತಾನೇ ಹೇಳಿಕೊಂಡಿದ್ದ. ನಾಲ್ಕೂವರೆ ಗಂಟೆ. ಹದಿನಾಲ್ಕನೆಯ ನಂಬರಿನ ಬಸ್ಸು ಜಾಕಿನ ಮೇಲೆ. ಕ್ಯಾನು ಖಾಲಿ, ಸೀಮೆಎಣ್ಣೆ ಬೇಕೆಂದರೆ ಅಂಗಳ ದಾಟಿ ಆಚೆ ಶೆಡ್ಡಿಗೆ ಹೋಗಬೇಕು, ಬಗ್ಗಿ ತಟ್ಟೆಯಲ್ಲಿ ಬೇರಿಂಗು ಮುಳುಗಿಸಿ ಬ್ರಷ್ಷು ಹೊಡೆಯಬೇಕು, ಎಷ್ಟು ಜೋಪಾನ ಮಾಡಿದರೂ ಅದು ಸಿಡಿಯುತ್ತದೆ. ಅವತ್ತು ಅವನು ಕೆಲಸದ ಅಂಗಿಯ ಒಳಗೆ ಹೊಸ ಶರ್ಟು ಹಾಕಿಕೊಂಡಿದ್ದ. ಬೆಣ್ಣೆಯ ಬಣ್ಣದ್ದು, ತುಂಬುತೋಳು. ಐದು ಗಂಟೆಗೆ ಸ್ಟುಡಿಯೋದಲ್ಲಿ ಫೋಟೋ. ಹೆಂಡತಿ ಮಗಳ ತಲೆ ಬಾಚಿ ಗೇಟಿನ ಹೊರಗೆ ಆಗಲೇ ನಿಂತಿದ್ದಳು. ತೋಳಿಗೆ ಸೀಮೆಎಣ್ಣೆ ಬಿದ್ದರೆ ವಾಸನೆ ಹೋಗುವುದಿಲ್ಲ. ಹಳೆಯದರ ಮೇಲೆಯೇ ಹೊಸದನ್ನು ಒತ್ತಿದ. ಹಸಿರು ಡಬ್ಬಿಯ ಜೇನನ್ನು ಕಪ್ಪು ನೀಲಿಯ ಮೇಲೆ ಹೆಬ್ಬೆರಳಿನಿಂದ ತಳ್ಳಿ, ಚಕ್ರ ಏರಿಸಿ, ಕೈ ತೊಳೆದು, ತೋಳು ಇಳಿಸಿ ಗುಂಡಿ ಹಾಕಿಕೊಂಡ. ಆ ಫೋಟೋ ಅವನ ಮನೆಯ ಮುಂದಿನ ಕೋಣೆಯಲ್ಲಿ ಈಗಲೂ ಇದೆ. ಬಂದವರೆಲ್ಲ ಫೋಟೋದಲ್ಲಿ ನೀವು ಎಷ್ಟು ಚೆನ್ನಾಗಿ ನಕ್ಕಿದ್ದೀರಿ ಅನ್ನುತ್ತಾರೆ.

ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಆದರೆ ನಾಲ್ಕು ವರ್ಷದ ಕೆಳಗೆ ಡಿಪೋಗೆ ಒಬ್ಬ ತರಬೇತಿಯವನು ಬಂದು, ಗೋಡೆಯ ಮೇಲೆ ಚಿತ್ರ ಬಿಟ್ಟು, ಯಾವ ಜಾತಿಯ ಗ್ರೀಸು ಯಾವುದರ ಜೊತೆ ಸೇರುವುದಿಲ್ಲ ಎಂಬ ಪಟ್ಟಿ ತೋರಿಸಲು ಹೊರಟಾಗ, ಅವನು ಎದ್ದು ಚಹಾಕ್ಕೆ ಹೋಗಿದ್ದ. ಯಾರೂ ಎಳೆದು ಹೊರಗೆ ಹಾಕಿರಲಿಲ್ಲ. ಚಹಾದ ಅಂಗಡಿಯಲ್ಲಿ ಎರಡು ಲೋಟ ಕುಡಿದು, ಪಟ್ಟಿ ಮುಗಿಯಿತೆಂದು ಖಾತ್ರಿಯಾದ ಮೇಲೆಯೇ ಒಳಗೆ ಬಂದಿದ್ದ. ಗೊತ್ತಿಲ್ಲದವನು ಯಾಕೆ ಎದ್ದು ಹೋಗುತ್ತಾನೆ?

ಅವನು ಎದ್ದ. ಡಬ್ಬಿಯ ಮುಚ್ಚಳವನ್ನು ಅಂಗಾತ ಹಿಡಿದು ಅದರ ಮೇಲೆ ಮೂರು ಕಡೆ ಮೂರು ಉಂಡೆ ಇಟ್ಟ. ಒಂದು ಬೇರಿಂಗಿನಿಂದ ಕೆರೆದ ಕಪ್ಪು ನೀಲಿ, ಒಂದು ಜೇನು, ಇನ್ನೊಂದು ಎರಡನ್ನೂ ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ ಬೆರೆಸಿದ್ದು. ತಿಕ್ಕುವಾಗಲೇ ಅದು ಬೆರಳ ಸಂದಿಯಲ್ಲಿ ಮೆತ್ತಗಾಗತೊಡಗಿತ್ತು. ಒಳಗೆ ಅಡುಗೆಮನೆಗೆ ಹೋಗಿ ಸಣ್ಣ ಉರಿಯ ಮೇಲೆ ಇಕ್ಕಳದಿಂದ ಮುಚ್ಚಳ ಹಿಡಿದ. ಅಕ್ಕ ಹಿಂದೆಯೇ ಬಂದಳು. "ಏನೋ ಇದು, ಅಡುಗೆಗೆ ನಿಂತ್ಬಿಟ್ಟೆ? ಉಪ್ಪು ಖಾರ ಕೊಡ್ಲಾ?" ಕಪ್ಪು ನೀಲಿ ಕೂತಲ್ಲೇ ಕೂತಿತ್ತು. ಜೇನು ಹೊಳೆಯಿತು, ಆದರೆ ಕದಲಲಿಲ್ಲ. ಬೆರಕೆಯ ಉಂಡೆ ಒಮ್ಮೆ ನಡುಗಿದಂತಾಯಿತು. ಅದರ ಅಂಚು ಜಾರಿತು. ಆಮೇಲೆ ಯಾರೋ ಬೆನ್ನಿಗೆ ಒದ್ದಂತೆ ಪೂರ್ತಿ ಕುಸಿದು, ಬೂದು ಬಣ್ಣದ ತೆಳು ನೀರಾಗಿ ಮುಚ್ಚಳದ ಅಂಚಿಗೆ ಹರಿದು, ಒಲೆಯ ಪಕ್ಕದ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಸುಟ್ಟ ಚಕ್ರದ ಒಳಗೆ ಅವತ್ತು ಕಂಡದ್ದು ಇದೇ. ಅದೇ ಬೂದು. ಎಂಟು ದಿನ ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ಚಕ್ರ ಕಾದಾಗ ಅದು ಹೀಗೆಯೇ ಹನಿಹನಿಯಾಗಿ ರಸ್ತೆಯುದ್ದಕ್ಕೂ ಸೋರಿತ್ತು, ಮೇಲೆ ಕೂತ ಶಿಳ್ಳೆ ಯಾವುದೋ ಹಾಡು ಶಿಳ್ಳೆ ಹಾಕುತ್ತಿದ್ದ. ಅಕ್ಕ ಒಲೆ ಆರಿಸಿ, "ಏನಾಯ್ತೋ? ಮುಖ ಯಾಕೆ ಹಾಗಾಗಿದೆ? ಕೂತ್ಕೊ, ನೀರು ಕುಡಿ," ಎಂದು ಅವನ ತೋಳು ಹಿಡಿದಳು. ಅವಳ ಕೈಯ ಹಿಟ್ಟು ಅವನ ತೋಳಿಗೆ ಐದು ಬೆರಳಾಗಿ ಅಂಟಿತು.

ಹೊರಗೆ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದಿಗೆ ಇಬ್ಬರೂ ಗಿರಣಿಯ ಕೋಣೆಗೆ ಮರಳಿದರು. "ಏನು, ಫೋರ್‌ಮನ್ ಸಾಹೇಬ್ರು ಬಂದಾಯ್ತಾ?" ಎನ್ನುತ್ತಲೇ ಭಾವ ಒಳಗೆ ಬಂದರು. ಒಂಬತ್ತು ವರ್ಷದಿಂದ ಅವರು ಹೀಗೇ ಕರೆಯುತ್ತಾರೆ, ಕುಹಕವಿಲ್ಲದೆ; ಅದೇ ಅವನಿಗೆ ತಡೆಯಲಾಗುತ್ತಿರಲಿಲ್ಲ. ಹೆಗಲ ಮೇಲಿನ ಖಾಲಿ ಚೀಲ ಇಳಿಸಿ, ಬೆವರು ಒರೆಸುತ್ತ ಗಿರಣಿಯ ಕಡೆ ನಡೆದವರು ನಡುವೆಯೇ ನಿಂತರು. ಡಬ್ಬಿ ನೆಲದ ಮೇಲೆ ಬಾಯಿ ತೆರೆದು ಕೂತಿತ್ತು.

"ಯಾರು ಒಡೆದಿದ್ದು?"

"ನಾನೇ ಇಳಿಸ್ದೆ ಕಣ್ರೀ," ಎಂದಳು ಅಕ್ಕ. "ಎಷ್ಟು ಚೆನ್ನಾಗಿದೆ ಅಂತೀರಿ! ಇವನೇ ನೋಡಿ ಹೇಳ್ದ. ಅಷ್ಟು ವರ್ಷ ಸುಮ್ನೆ ಇಟ್ಕೊಂಡಿದ್ರಿ."

ಭಾವನ ಮುಖದಿಂದ ರಕ್ತ ಇಳಿದುಹೋಯಿತು. ಅವರಿಗೆ ಖುಷಿಯಾಗುತ್ತದೆ, ಸಿಟ್ಟಾಗುತ್ತದೆ, ತನ್ನ ಕಡೆ ಬೆರಳು ತೋರಿಸುತ್ತಾರೆ ಎಂದುಕೊಂಡಿದ್ದವನಿಗೆ ಅವರು ಹೆದರಿದ್ದನ್ನು ಕಂಡು ದಿಗಿಲಾಯಿತು. ಕಳ್ಳ ಹೆಜ್ಜೆಯಲ್ಲಿ ಹೋಗುವವರಂತೆ ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, ಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಒಂದು ಸಲ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಚಾಚಿ ಅದ್ದಿದರು. ಉಜ್ಜಿದರು. ಮೂಸಿದರು. ಬಹಳ ಹೊತ್ತು ಮೂಸಿದರು.

"ಚೆನ್ನಾಗಿದೆ," ಎಂದರು ಕೊನೆಗೆ, ಯಾರಿಗೋ ಕೇಳಬಾರದೆಂಬಂತೆ. "ಇದು ಚೆನ್ನಾಗೇ ಇದೆಯಲ್ಲೋ." ಹಾಗೆಯೇ ಹಿಂದಕ್ಕೆ ಜರುಗಿ ಗೋಧಿಯ ಮೂಟೆಗೆ ಒರಗಿ ಕೂತರು. "ಗುಂಡಿಗೆ ಹಾಕೋ ಮೊದಲೇ ಒಂದನ್ನ ಎತ್ತಿಟ್ಕೊಂಡೆ. ಜೀವನದಲ್ಲಿ ನಾನು ಮಾಡಿದ್ದು ಅದೊಂದೇ ಕಳ್ಳತನ. ಮನೆಗೆ ಹೋಗಿ ತೆಗೆದು ನೋಡೋಣ ಅಂತ. ಆಗಲಿಲ್ಲ. ಕೆಟ್ಟಿದ್ರೆ? ನಾನೇ ಕೊಂದೆ ಅಂತ ಕಣ್ಣಾರೆ ನೋಡಿದ ಹಾಗಾಗುತ್ತಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಅಂತ..." ಅವರು ಬೆರಳನ್ನು ಇನ್ನೂ ಮೇಲೆ ಹಿಡಿದೇ ಇದ್ದರು. "ಹಾಗಾದ್ರೆ ನಾನಲ್ಲ. ಅಲ್ವೇನೋ? ನೀನು ಮೆಕ್ಯಾನಿಕ್ಕು, ನೀನು ಹೇಳು. ನಾನಲ್ಲ ತಾನೆ?"

ಭಾವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ತನ್ನನ್ನು ಉಳಿಸಿದರು, ಅದಕ್ಕೇ ಒಂಬತ್ತು ವರ್ಷ ಒಂದೂ ಕೆಟ್ಟ ಮಾತಾಡದೆ ಸಾಹೇಬ್ರು ಸಾಹೇಬ್ರು ಅನ್ನುತ್ತಾರೆ ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು; ತಪ್ಪನ್ನು ಇಬ್ಬರೂ ಹಂಚಿಕೊಂಡ ಹಾಗೆ. ಹಾಗಲ್ಲ. ಈ ಮನುಷ್ಯ ತಾನೇ ಕೊಂದೆನೆಂದು ನಂಬಿಕೊಂಡು ಬದುಕಿದ್ದರು. ದಿನಾ ಅಟ್ಟದ ಕೆಳಗೆ ಮಲಗಿ, ದಿನಾ ಎದ್ದು.

"ನೀವಲ್ಲ ಭಾವ," ಎಂದ. "ನಾನು. ಬೇರಿಂಗು ತೊಳೀಲಿಲ್ಲ. ಹಳೇದರ ಮೇಲೇನೇ ನಿಮ್ಮ ಗ್ರೀಸು ತುಂಬಿದೆ. ಅವೆರಡೂ ಸೇರಲ್ಲ, ಸೇರಿದ್ರೆ ನೀರಾಗುತ್ತೆ. ಈಗ ಒಲೆ ಮೇಲೆ ಇಟ್ಟು ನೋಡ್ದೆ."

ಅಕ್ಕ ಏನು ಮಾತು ಇದು ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು. ಭಾವ ಬೆರಳು ಇಳಿಸಿದರು.

"ಯಾಕೆ ತೊಳೀಲಿಲ್ಲ?"

ಮೇಜಿನ ಹಿಂದಿದ್ದ ಮೂವರೂ ಕೇಳದ ಪ್ರಶ್ನೆ. ಹೇಳಲು ದೊಡ್ಡ ಕಾರಣವೊಂದು ಸಿಗಲೆಂದು ಅವನು ಹುಡುಕಿದ. ಕೆಲಸದ ಒತ್ತಡ, ಜ್ವರ, ಮೇಲಿನವರ ಅವಸರ, ಏನಾದರೂ. "ಹೊಸ ಶರ್ಟು ಹಾಕ್ಕೊಂಡಿದ್ದೆ," ಎಂದ. "ಫೋಟೋ ತೆಗೆಸ್ಬೇಕಿತ್ತು."

ಅಕ್ಕನ ಕೈ ತನ್ನ ಬಾಯಿಗೆ ಹೋಯಿತು, ಅಲ್ಲಿಂದ ಹಣೆಗೆ ಬಂತು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಗಿರಣಿಯ ಕಲ್ಲಿನ ಮೇಲೆ ಕೂತಿತು. ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದಳು, ಹೊಡೆದು ತಾನೇ ಅಳುತ್ತಿದ್ದಳು. ಈಗ ಅವಳು ಅವನನ್ನು ನೋಡಿದ್ದು ಬೀದಿಯಲ್ಲಿ ಹಾದುಹೋಗುವ ಅಪರಿಚಿತನನ್ನು ನೋಡುವ ಹಾಗೆ, ಇವನು ಯಾರಿರಬಹುದು ಎಂದು. ಭಾವ ಮೂಟೆಯಿಂದ ಎದ್ದು ಸೈಕಲ್ಲಿನ ಕೀಲಿಗಾಗಿ ಜೇಬು ತಡವಿದರು. "ನಡಿ," ಎಂದರು. "ಶಿಳ್ಳೆ ಮನೆಗೆ. ಅವನ ಹೆಂಡತಿಗೆ ಹೇಳು. ಪ್ರತಿ ಶನಿವಾರ ಐದು ಸೇರು ಹಿಟ್ಟು ಕೊಟ್ಟು ಬರ್ತಿದೀನಿ, ಒಂದು ವಾರ ತಪ್ಪಿಸಿಲ್ಲ. ಹೊಸ್ತಿಲ ಆಚೆ ಇಟ್ಟು, ತಲೆ ಬಗ್ಗಿಸಿ ಬರ್ತೀನಿ. ಅವಳು ತಗೋತಾಳೆ, ಒಂದು ಮಾತಾಡಲ್ಲ. ಇವತ್ತೂ ಅಲ್ಲಿಂದಾನೇ ಬಂದೆ."

ಶನಿವಾರದ ಚೀಲ ಯಾವುದೋ ಹೋಟೆಲಿಗೆ ಹೋಗುತ್ತದೆ ಎಂದು ಅವನು ತಿಳಿದಿದ್ದ. ಅಕ್ಕನಿಗೆ ಗೊತ್ತಿತ್ತು ಎಂಬುದು ಅವಳ ಮುಖದಲ್ಲೇ ಕಂಡಿತು. ಬೀಸಿಕೊಟ್ಟವಳು ಅವಳೇ ಅಲ್ಲವೆ.

"ಮೊದಲು ಗಿರಣಿ ಜೋಡಿಸು," ಎಂದಳು ಅಕ್ಕ. "ಜನ ಕಾಯ್ತಿದಾರೆ. ತೊಳೆದು ಜೋಡಿಸು." ಪಕ್ಕದ ಅಂಗಡಿಗೆ ತಾನೇ ಹೋಗಿ ಸೀಮೆಎಣ್ಣೆ ತಂದು ಅವನ ಮುಂದೆ ಇಟ್ಟಳು. ಅವನು ತೊಳೆದ. ತಟ್ಟೆ ಕಪ್ಪಾಯಿತು, ಚೆಲ್ಲಿ ಮತ್ತೆ ತೊಳೆದ. ಬೇರಿಂಗಿನ ಪ್ರತಿ ಗುಂಡನ್ನೂ ಬೆಳಕಿಗೆ ತಿರುಗಿಸಿ ನೋಡಿದ, ಬಟ್ಟೆಯಿಂದ ಒತ್ತಿ ಒರೆಸಿದ, ಆರುವ ತನಕ ಕಾದ. ಆಮೇಲೆ ಹಸಿರು ಡಬ್ಬಿಯಿಂದ ಅಂಗೈಗೆ ತೆಗೆದುಕೊಂಡು ಗುಂಡುಗಳ ನಡುವೆ ತುಂಬಿದ. ನಾಲ್ಕು ಬೋಲ್ಟನ್ನೂ ಎರಡೆರಡು ಸಲ ಬಿಗಿದು ನೋಡಿದ, ಅರ್ಧ ಗಂಟೆ ಹಿಡಿಯಿತು. ಗಂಡ ಹೆಂಡತಿ ಇಬ್ಬರೂ ನಿಂತು ನೋಡುತ್ತಿದ್ದರು. ಗುಂಡಿ ಒತ್ತಿದಾಗ ಗಿರಣಿ ಕಿರುಚಲಿಲ್ಲ. ಪಟ್ಟಿಯ ಸರಸರ, ಕಲ್ಲಿನ ಗುರುಗುರು, ಅಷ್ಟೇ. "ಆಹಾ, ಏನು ಕೈಗುಣ!" ಎಂದು ಬೇಕರಿಯ ಹೆಂಗಸು ಚೀಲ ಎತ್ತಿಕೊಂಡು ಒಳಗೆ ಬಂದಳು. ಅಕ್ಕ ಅವಳ ಗೋಧಿ ಸುರಿದಳು.

ಭಾವ ಸೈಕಲ್ಲು ತಳ್ಳಿಕೊಂಡು ಮುಂದೆ, ಅವನು ಹಿಂದೆ. ಹತ್ತು ನಿಮಿಷದ ದಾರಿ. ಇಸ್ತ್ರಿ ಅಂಗಡಿ, ಬೀಗ ಹಾಕಿದ ಸಿನಿಮಾ ಮಂದಿರ, ನಲ್ಲಿಯ ಹತ್ತಿರ ಕೊಡಗಳ ಸಾಲು, ಎಲ್ಲವೂ ಗಾಜಿನ ಆಚೆ ಇದ್ದಂತೆ ತೀರ ಸ್ಪಷ್ಟವಾಗಿದ್ದವು. ಓಡಿಹೋಗಬಹುದಿತ್ತು. ಒಂದು ತಿರುವಿನಲ್ಲಿ ಕಾಲು ನಿಜವಾಗಿಯೂ ನಿಧಾನವಾಯಿತು; ಭಾವ ತಿರುಗಿ ನೋಡಲಿಲ್ಲ, ಆದರೆ ಸೈಕಲ್ಲನ್ನು ಅಲ್ಲಿಯೇ ನಿಲ್ಲಿಸಿ ಕಾದರು. ಅವನು ನಡೆದ. ಏನು ಹೇಳಬೇಕೆಂದು ಜೋಡಿಸಿಕೊಳ್ಳಲು ನೋಡಿದ. ಪದಗಳು ಒಂದಕ್ಕೊಂದು ಅಂಟದೆ ಜಾರುತ್ತಿದ್ದವು.

ಬಾಗಿಲು ತೆರೆದವಳ ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಗುಂಡುಪಿನ್ನು. ಒಳಗೆ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಮಗುವಿನ ಫ್ರಾಕು. ಒಂದೇ ದಿನ ಎರಡನೆಯ ಸಲ ಭಾವನನ್ನು ಕಂಡು ಅವಳು ಪಿನ್ನು ತೆಗೆದು ಟೇಪಿಗೆ ಚುಚ್ಚಿದಳು. "ಏನಾದ್ರೂ ಮರೆತುಹೋದ್ರಾ?"

"ಇಲ್ಲಮ್ಮ. ಇವನು ನನ್ನ ಹೆಂಡತಿ ತಮ್ಮ. ಡಿಪೋದಲ್ಲಿ ಆ ಚಕ್ರಕ್ಕೆ ಗ್ರೀಸು ಹಾಕಿದವನು. ಏನೋ ಹೇಳ್ಬೇಕು." ಅಷ್ಟು ಹೇಳಿ ಅವರು ಪಕ್ಕಕ್ಕೆ ಸರಿದರು.

ಅವನು ಹೇಳಿದ. ಎಷ್ಟು ಹೊತ್ತು ಹೇಳಿದನೋ, ಸರಿಯಾಗಿ ಹೇಳಿದನೋ ಇಲ್ಲವೋ, ಒಂದೂ ನೆನಪಿಲ್ಲ. ಶರ್ಟಿನ ಮಾತು ಬಂದಾಗ ಅವಳ ಕಣ್ಣು ಒಂದು ಕ್ಷಣ ಅವನ ತೋಳಿನ ಕಡೆ ಹೋದದ್ದು ಮಾತ್ರ ಕಂಡಿತು. ಗ್ರೀಸು ಒಳ್ಳೆಯದೇ ಇತ್ತು, ಕೊಟ್ಟವರ ತಪ್ಪಿರಲಿಲ್ಲ, ಎಂದು ಎರಡು ಸಲ ಹೇಳಿದ. ವಿಚಾರಣೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಸೋಮವಾರ ಇಂಜಿನಿಯರ ಹತ್ತಿರ ಹೋಗಿ ಬರೆದುಕೊಡುತ್ತೇನೆ ಎಂದ. ಅವಳು ಅಳಲಿಲ್ಲ, ಕೂಗಲಿಲ್ಲ. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, ಮುಗಿಯುವ ತನಕ ಕೇಳಿದಳು. ಅವಳು ತನ್ನ ಮುಖಕ್ಕೆ ಏನಾದರೂ ಅನ್ನುತ್ತಾಳೆಂದು ಅವನು ಮೈ ಗಟ್ಟಿ ಮಾಡಿಕೊಂಡ.

ಅವಳು ಅವನ ಕಡೆ ತಿರುಗಲೇ ಇಲ್ಲ. "ಒಂಬತ್ತು ವರ್ಷ ನಿಮ್ಮನ್ನ ಬಿಸಿಲಲ್ಲಿ ನಿಲ್ಲಿಸಿದೆ," ಎಂದಳು, ಭಾವನಿಗೆ. ಅವಳ ದನಿ ಆಗ ಒಡೆಯಿತು. "ಒಂದು ಸಲ ಬನ್ನಿ ಅನ್ನಲಿಲ್ಲ. ಒಳಗೆ ಬನ್ನಿ. ಬನ್ನಿ, ಕೂತ್ಕೊಳ್ಳಿ."

ಯಂತ್ರದ ಮುಂದಿದ್ದ ಕುರ್ಚಿಯ ಮೇಲಿನ ಬಟ್ಟೆಯ ಚೂರುಗಳನ್ನೆಲ್ಲ ಒಂದೇ ಸಲಕ್ಕೆ ನೆಲಕ್ಕೆ ಸರಿಸಿ ಅದನ್ನು ಎಳೆದು ಹಾಕಿದಳು. ಭಾವ ಚಪ್ಪಲಿ ಬಿಟ್ಟು, ಹೊಸ್ತಿಲ ಮುಂದೆ ಅನುಮಾನಿಸಿ, ಕಾಲು ಎತ್ತಿ ಒಳಗಿಟ್ಟರು. ಅವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಅವನು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತೇ ಇದ್ದ. ಒಳಗೆ ಅವಳು ನೀರು ತರಲು ಹೋದಳು. ಭಾವ ಕುರ್ಚಿಯ ಅಂಚಿನಲ್ಲಿ, ಯಾರಾದರೂ ಬಂದು ಎಬ್ಬಿಸಿಯಾರು ಎಂಬಂತೆ, ಮಂಡಿಯ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಬಹಳ ಹೊತ್ತಿನ ಮೇಲೆ, ಮೆಲ್ಲಗೆ, ಬೆನ್ನನ್ನು ಹಿಂದಕ್ಕೆ ಒರಗಿಸಿದರು.